ಕಿತ್ತಳೆ ಡಬ್ಬಿ

ಬುಡಾಪೆಸ್ಟಿನ ದೆಯಾಕ್ ಚೌಕದ ಅಡಿಯಲ್ಲಿ
ಓಡುವ ಮೆಟ್ಟಿಲು ಮುಗಿಯುವ ಜಾಗದಲ್ಲಿ
ತೋಳಿಗೆ ಪಟ್ಟಿ ಕಟ್ಟಿ ನಿಂತವಳು ನಾನು, ಗಿಜೆಲ್ಲಾ.
ಇಪ್ಪತ್ತೆರಡು ವರ್ಷ.
ಈಗ ಬೂಟು ನೋಡಿದರೆ ಸಾಕು, ಹೇಳಬಲ್ಲೆ
ಇವರು ಇವತ್ತು ಬಂದವರು, ಇವರು ನಿನ್ನೆ.

ಇವತ್ತಿನವರ ಬೂಟು ಮಿಂಚುತ್ತದೆ,
ನಮ್ಮ ಬೀದಿಯ ಕಲ್ಲಿಗೂ ಅದಕ್ಕೂ ಇನ್ನೂ ಪರಿಚಯವಿಲ್ಲ.
ನಿನ್ನೆಯವರು ಕುಂಟುತ್ತಾರೆ.

ಟಿಕೆಟ್ ಎಂದರೆ ತೋರಿಸುತ್ತಾರೆ
ಸ್ಲೇಟು ತೋರಿಸುವ ಮಗುವಿನ ಹಾಗೆ ನಗುತ್ತ:
ಹೊಚ್ಚಹೊಸ ಚೀಟಿ, ಮಡಿಕೆಯಿಲ್ಲ, ಮುದ್ರೆಯಿಲ್ಲ.
ದುಡ್ಡು ಕೊಟ್ಟಿದ್ದೇವಲ್ಲ, ಎನ್ನುತ್ತವೆ ಕಣ್ಣು.
ಕೊಟ್ಟಿದ್ದೀರಿ, ಯಾರು ಇಲ್ಲವೆಂದರು?
ಮೇಲೆ, ಮೆಟ್ಟಿಲ ಬಾಯಲ್ಲೇ, ಕಿತ್ತಳೆ ಬಣ್ಣದ ಡಬ್ಬಿ;
ಅದರ ಹಲ್ಲಿಗೆ ಸಿಗದ ಚೀಟಿ
ಅಂಚೆಗೆ ಹಾಕದ ಕಾಗದ.
ಬರೆದದ್ದು ನಿಜ. ತಲುಪಿಲ್ಲ.

ದಂಡ ಎಂದ ಕೂಡಲೇ
ಗಂಡ ಹೆಂಡತಿಯನ್ನು ನೋಡುತ್ತಾನೆ,
ಹೆಂಡತಿ ತನ್ನ ಹೊಟ್ಟೆಯನ್ನು.
ಕಳ್ಳರ ಕಣ್ಣು ತಪ್ಪಿಸಲೆಂದು ಅಂಗಿಯೊಳಗೆ ಕಟ್ಟಿದ ಚೀಲ
ಈಗ ನಡುದಾರಿಯಲ್ಲಿ ಅಂಗಿಯೆತ್ತಿ
ಊರಿಗೆಲ್ಲ ತೋರಿಸಿ ಬಿಚ್ಚಬೇಕು.

ಮಿಕ್ಕ ಕಥೆ ನನ್ನ ಭಾವ ತಿವಾದರ್ ಹೇಳುತ್ತಾನೆ,
ಏಳನೆಯ ಪೇಟೆಯ ಊಟದಮನೆಯಲ್ಲಿ ಬಡಿಸುವವ.
ನೋಟು ಕೈಗಿಡುತ್ತ ‘ಕೊಸೊನೊಮ್’ ಎಂದರೆ ಇಲ್ಲಿ
ಚಿಲ್ಲರೆ ನೀನೇ ಇಟ್ಟುಕೋ ಎಂದು.
ಪಾಪ, ಧನ್ಯವಾದವೊಂದನ್ನೇ
ವಿಮಾನದಲ್ಲಿ ಉರು ಹೊಡೆದು ಬಂದಿರುತ್ತಾರೆ.
ವಿನಯದ ಬೆಲೆ ಒಮ್ಮೆ ಮೂರು ಸಾವಿರ ಫೋರಿಂಟ್ ಆಯಿತಂತೆ.
ವಾಪಸು ಕೊಟ್ಟೆಯಾ ಎಂದರೆ
ಸೂಪು ಆರುತ್ತದೆ, ಕುಡಿ, ಎನ್ನುತ್ತಾನೆ.

ಇನ್ನು ನಮ್ಮ ಮಾತು:
ಗೆಳೆಯರು ಬಂದಾಗ ನಾವು ‘ಸಿಯಾ’ ಎನ್ನುತ್ತೇವೆ,
ಹೊರಟಾಗ ‘ಹೆಲೋ’.
ಇಂಗ್ಲಿಷ್ ಕಿವಿಗೆ ಇದು ಪೂರಾ ತಲೆಕೆಳಗು.
ಬಾಗಿಲಲ್ಲೇ ಮತ್ತೆ ಸಿಗೋಣ ಎಂದರೆ
ಒಳಗೆ ಬರುವುದೋ, ಹೋಗುವುದೋ?
ಬುಖಾರೆಸ್ಟ್ ಬಹಳ ಸುಂದರ, ಎಂದು ಒಬ್ಬಳು ನನ್ನ ಕೈ ಕುಲುಕಿದಳು.
ಹೌದಂತೆ, ಎಂದೆ. ನಾನು ಅಲ್ಲಿಗೆ ಹೋಗಿಲ್ಲ.

ನಾನು ಎಲ್ಲಿಗೂ ಹೋದವಳಲ್ಲ.
ಹೋದ ಅಕ್ಟೋಬರಿನಲ್ಲಿ, ಐವತ್ತಮೂರಕ್ಕೆ,
ಸಮುದ್ರ ಹೇಗಿರುತ್ತದೆ ನೋಡೋಣವೆಂದು
ತ್ರಿಯೆಸ್ತೆಗೆ ಹೋದೆ. ಬೂಟು ಹೊಸದು ಕೊಂಡೆ.

ಊರ ಬಸ್ಸು. ಕೈಯಲ್ಲಿ ಚೀಟಿ.
ಡಬ್ಬಿ ಇರುತ್ತದೆಂದು ನನಗೆ ಬೇರೆ ಯಾರು ಹೇಳಬೇಕು?
ಕಿತ್ತಳೆ ಬಣ್ಣ ಹುಡುಕಿದೆ, ಹಿಂದೆ, ಮುಂದೆ.
ಅಲ್ಲಿಯದು ಬೂದು ಬಣ್ಣದ್ದು,
ಯಾರದೋ ಕೋಟಿನ ಹಿಂದೆ ನೇತಾಡುತ್ತಿತ್ತು.

ಗಮ್ ಅಗಿಯುತ್ತ ಬಂದ ಹುಡುಗ, ಮೀಸೆ ಚಿಗುರುವ ವಯಸ್ಸು.
ಚೀಟಿ ತೋರಿಸಿದೆ. ನಗುತ್ತಲೇ ತೋರಿಸಿದೆ.
ಆ ನಗೆ ನನಗೆ ಗೊತ್ತಿತ್ತು:
ಇಪ್ಪತ್ತೆರಡು ವರ್ಷ ಎದುರಿನಿಂದ ಕಂಡದ್ದು,
ಒಳಗಿನಿಂದ ಇದೇ ಮೊದಲು.

ನಾನೂ ಇದೇ ಕಸುಬಿನವಳು ಎನ್ನಲು ಭಾಷೆಯಿರಲಿಲ್ಲ.
ಇದ್ದಿದ್ದರೂ ಅನ್ನುತ್ತಿದ್ದೆನೋ ಇಲ್ಲವೋ.
ರಸೀದಿಯಲ್ಲಿ ನನ್ನ ಹೆಸರು ತಪ್ಪಾಗಿ ಬರೆದ,
ನಾನು ಎಷ್ಟೋ ಹೆಸರು ಬರೆದ ಹಾಗೆ.
ಅಷ್ಟರಲ್ಲಿ ನನ್ನ ನಿಲ್ದಾಣ ದಾಟಿತ್ತು.
ಮುಂದಿನದರಲ್ಲಿ ಇಳಿದೆ.
ಸಮುದ್ರ ಅಲ್ಲೂ ಇತ್ತು.

ಬಂದ ಮೇಲೆ ದಂಡವೇನೂ ಬಿಟ್ಟಿಲ್ಲ, ಯಾರಿಗೂ.
ಪಾಳಿ ಶುರುವಾಗುವ ಮುನ್ನ ಹತ್ತು ನಿಮಿಷ ಮಾತ್ರ
ತೋಳಪಟ್ಟಿ ಜೇಬಿನಲ್ಲಿಟ್ಟು
ಮೇಲೆ ಡಬ್ಬಿಯ ಪಕ್ಕ ನಿಲ್ಲುತ್ತೇನೆ.
ಹೊಸ ಬೂಟು ಕಂಡರೆ ಬೆರಳು ಮಾಡಿ ತೋರಿಸುತ್ತೇನೆ: ಇಲ್ಲಿ, ಇಲ್ಲಿ.
ಚೀಲ ಎದೆಗವಚಿಕೊಂಡು ಓಡುತ್ತಾರೆ,
ಅಪರಿಚಿತರನ್ನು ನಂಬಬೇಡಿ ಎಂದು ಓದಿಕೊಂಡು ಬಂದವರು.

ಸಿಯಾ, ಎನ್ನುತ್ತೇನೆ ಅವರ ಬೆನ್ನಿಗೆ.
ಪಟ್ಟಿ ಕಟ್ಟಿಕೊಂಡು ಕೆಳಗಿಳಿಯುತ್ತೇನೆ.